ಆಯ್ತಾ, ಆಯ್ತು

ಆಸ್ಪತ್ರೆಯವರು ಅವಳಿಗೆ ಇಟ್ಟ ಹೆಸರು ‘ಆಯ್ತಾ ಮೇಡಂ’. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಪೂರ್ತಿ ಹೆಸರು. ಹೊಸ ಲಿಫ್ಟ್ ಕೂರಿಸುವುದಿರಲಿ, ಹಳೆಯ ಲ್ಯಾಬನ್ನು ಬುಡಸಮೇತ ಕಿತ್ತು ಬೇರೆ ಮಹಡಿಗೆ ಸಾಗಿಸುವುದಿರಲಿ, ಶುರುವಿನಿಂದ ಕೊನೆಯವರೆಗೆ ನಿಂತು ನಡೆಸಿಕೊಡುವುದು ಅವಳ ಕೆಲಸ. ಅವಳು ಹಿಡಿದ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದೆ ಎಂಬ ಮಾತಿತ್ತು. ಒಳ್ಳೆಯ ಹೆಸರು ಬರುವುದು ಸುಲಭ, ಸಾಕುವುದು ಕಷ್ಟ. ದಿನಾ ಮೇವು ಹಾಕಬೇಕು. ಈಚೀಚೆಗೆ ಅವಳಿಗೆ ಹೇಳಿದ ದಿನಕ್ಕೆ ಮುಗಿಸಿದರೆ ಸಾಲದು, ಅದಕ್ಕಿಂತ ಮೊದಲೇ ಮುಗಿಸಿ ಎಲ್ಲರ ಹುಬ್ಬೇರಿಸಬೇಕು ಎನ್ನುವ ಚಟ ಹತ್ತಿತ್ತು.

ಯಾರಿಗೆ ಏನು ಹೇಳಿದರೂ ಕೊನೆಗೊಂದು ‘ಆಯ್ತಾ?’ ಅಂಟಿಸುವುದು ಅವಳ ಅಭ್ಯಾಸ. “ಬುಧವಾರದೊಳಗೆ ಬಣ್ಣ ಒಣಗಿರ್ಬೇಕು, ಆಯ್ತಾ?” “ಆಯ್ತು ಮೇಡಂ.” “ಕಿಟಕಿ ಅಳತೆ ಇವತ್ತೇ ಕಳ್ಸಿ, ಆಯ್ತಾ?” “ಆಯ್ತು ಮೇಡಂ.” ಮೆಟ್ಟಿಲ ಮೇಲೆ, ಲಿಫ್ಟಿನಲ್ಲಿ, ಫೋನಿನಲ್ಲಿ ದಿನವಿಡೀ ಇದೇ ಜುಗಲ್‌ಬಂದಿ. ಈ ‘ಆಯ್ತು’ ಎಂಥ ಎರಡು ನಾಲಿಗೆಯ ಮಾತು ನೋಡಿ. ಕೆಲಸ ಮುಗಿಸಿ ಕೈ ತೊಳೆದುಕೊಂಡವನೂ ಆಯ್ತು ಅನ್ನುತ್ತಾನೆ, ಇನ್ನೂ ಹಾಸಿಗೆ ಬಿಟ್ಟು ಏಳದವನೂ ಆಯ್ತು ಅನ್ನುತ್ತಾನೆ. ಒಬ್ಬನದು ಮುಗಿದ ಕೆಲಸ, ಇನ್ನೊಬ್ಬನದು ಬರೀ ಒಪ್ಪಿಗೆ. ಹುಟ್ಟಿದಾಗಿನಿಂದ ಈ ಭಾಷೆ ಆಡುತ್ತ ಬಂದ ನಮಗೆ ಯಾವುದು ಯಾವುದೆಂದು ತಾನಾಗಿಯೇ ತಿಳಿಯುತ್ತದೆ ಎಂಬ ಭರವಸೆ ಬೇರೆ. ಮೇಡಂಗೂ ಆ ಭರವಸೆ ಧಾರಾಳವಾಗಿತ್ತು.

ಈ ಸಲ ಅವಳ ಕೈಗೆ ಬಂದಿದ್ದು ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡು. ಅದನ್ನು ಹಳೆಯ ಕಟ್ಟಡದಿಂದ ಅಂಗಳದಾಚೆಯ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ಗಾಜಿನ ಪೆಟ್ಟಿಗೆಯೊಳಗೆ ಅಂಗೈ ಮೇಲೆ ಮಲಗಿಸಬಹುದಾದಷ್ಟು ಚಿಕ್ಕ ಚಿಕ್ಕ ಜೀವಗಳು. ಆ ಪೆಟ್ಟಿಗೆಗಳಲ್ಲಿ ಒಂದರಲ್ಲಿ ಅವಳ ಒಡಹುಟ್ಟಿದ ತಂಗಿಯ ಮಗಳಿದ್ದಳು.

ತಂಗಿಗೆ ಹೆರಿಗೆಯಾದ ಮೇಲೆ ಮೈ ತುಂಬ ಸೋಂಕು. ಬದುಕಿ ಉಳಿದಿದ್ದೇ ಹೆಚ್ಚು; ಹಾಲು ಮಾತ್ರ ಬರಲಿಲ್ಲ. ಒಮ್ಮೆ ಡಬ್ಬದ ಪುಡಿ ಕಲಸಿ ಕುಡಿಸಿದ್ದಕ್ಕೆ ಮಗುವಿನ ಹೊಟ್ಟೆ ಉಬ್ಬಿ ನೀಲಿಗಟ್ಟಿತು, ಮೂರು ಜನ ಡಾಕ್ಟರು ಸುತ್ತ ನಿಂತು ಹೇಗೋ ಉಳಿಸಿಕೊಂಡರು. ಇನ್ನೊಮ್ಮೆ ಹಾಗಾದರೆ ಕೈಲಾಗುವುದಿಲ್ಲ ಎಂದು ಬಿಡಿಸಿ ಹೇಳಿದ್ದರು. ಅಂದಿನಿಂದ ಮಗು ಬದುಕಿದ್ದು ಆಸ್ಪತ್ರೆಯ ಹಾಲಿನ ಬ್ಯಾಂಕಿನ ಮೇಲೆ. ಹೆಚ್ಚು ಹಾಲಿರುವ ತಾಯಂದಿರು ಅಲ್ಲಿ ಕೊಟ್ಟು ಹೋಗುತ್ತಾರೆ. ಅದನ್ನು ಹದವಾಗಿ ಕಾಯಿಸಿ, ಪುಟ್ಟ ಚೀಲಗಳಲ್ಲಿ ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಇಡುತ್ತಾರೆ. ಯಾರೋ ಕಾಣದ ತಾಯಿಯ ಹಾಲು ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಇಳಿದು ಈ ಹುಡುಗಿಯ ಕೆನ್ನೆಗೆ ಬಣ್ಣ ತಂದಿತ್ತು.

“ಈ ಕೆಲ್ಸ ನಿನ್ ಕೈಲಿದೆ ಅಂತ ನಾನು ಧೈರ್ಯವಾಗಿದೀನಿ ಅಕ್ಕ” ಎಂದಿದ್ದಳು ತಂಗಿ. ಅಕ್ಕನಿಗೆ ಅದನ್ನು ಕೇಳಿ ಹೆಮ್ಮೆಯೂ ಆಗಿತ್ತು.

ಮಕ್ಕಳನ್ನು ಸಾಗಿಸುವುದು ಸೋಮವಾರ ಬೆಳಿಗ್ಗೆ; ಲೈನನ್ನು ಹೊಸ ಕಟ್ಟಡಕ್ಕೆ ತಿರುಗಿಸಲು ಹಳೆಯ ಕಟ್ಟಡದ ಕರೆಂಟನ್ನು ಭಾನುವಾರ ಮಧ್ಯಾಹ್ನ ತೆಗೆಸುವುದು ಎಂದು ಮೊದಲೇ ಗೊತ್ತಾಗಿತ್ತು. ಮಕ್ಕಳ ವಾರ್ಡಿಗೆ ಜನರೇಟರಿನ ಲೈನು ಮೊದಲಿನಿಂದಲೂ ಇದೆ. ನೆಲಮಹಡಿಯ ಹಾಲಿನ ಕೋಣೆಗೆ ಇಲ್ಲ. ಆ ಫ್ರೀಜರ್‌ಗಳನ್ನು ಅದಕ್ಕೂ ಮುಂಚೆ ಜನರೇಟರಿಗೆ ಸೇರಿಸಬೇಕು. ಇದು ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನ ಪಾಲಿನ ಕೆಲಸ. ಎಲ್ಲರೂ ಕರೆಂಟಣ್ಣ ಎನ್ನುತ್ತಿದ್ದ ಅವನು ಯಾರಿಗೂ ಇಲ್ಲ ಅನ್ನದ ಆಸಾಮಿ. ಫ್ಯಾನು ರಿಪೇರಿ ಮಾಡು ಅಂದರೂ ಆಯ್ತು, ಚಂದ್ರನಿಗೊಂದು ಬಲ್ಬು ಹಾಕು ಅಂದರೂ ಆಯ್ತು.

ಶುಕ್ರವಾರ ಬೆಳಿಗ್ಗೆ ಮೇಡಂ ಮೆಟ್ಟಿಲು ಹತ್ತುತ್ತಿದ್ದಳು, ಕಿವಿಯಲ್ಲಿ ಫೋನು, ಆ ಕಡೆ ಯಾರೋ ಕಾಯುತ್ತಿದ್ದರು. ಕರೆಂಟಣ್ಣ ಹೆಗಲ ಮೇಲೆ ಏಣಿ ಹೊತ್ತು ಇಳಿಯುತ್ತಿದ್ದ. ಫೋನಿಗೆ ಅಂಗೈ ಅಡ್ಡ ಹಿಡಿದು ಕೇಳಿದಳು:

“ಹಾಲಿನ ಫ್ರೀಜರ್‌ಗಳನ್ನ ಜನರೇಟರ್ ಲೈನಿಗೆ ಹಾಕೋದು, ಆಯ್ತಾ?”

“ಆಯ್ತು ಮೇಡಂ” ಎಂದ ಅವನು, ಏಣಿ ಅವಳಿಗೆ ತಾಗದಂತೆ ಓರೆ ಮಾಡಿಕೊಂಡು.

ಮೇಡಂ ಕೋಣೆಗೆ ಹೋಗಿ ಗೋಡೆಯ ಹಲಗೆಯ ಮೇಲೆ ಆ ಕೆಲಸದ ಚೀಟಿಯನ್ನು ‘ಮುಗಿದದ್ದು’ ಎನ್ನುವ ಕಡೆಗೆ ಸರಿಸಿದಳು. ನೋಡಿದರೆ ಕರೆಂಟು ತೆಗೆಸುವುದಕ್ಕೆ ಇನ್ನು ಯಾವ ಅಡ್ಡಿಯೂ ಇಲ್ಲ! ಭಾನುವಾರದವರೆಗೆ ಯಾಕೆ ಕಾಯಬೇಕು? ವಿದ್ಯುತ್ ಕಚೇರಿಗೆ ಫೋನ್ ಮಾಡಿ, ಅವರ ಕೈಕಾಲು ಹಿಡಿದು, ಕರೆಂಟು ತೆಗೆಯುವುದನ್ನು ಅಂದೇ ಸಂಜೆಗೆ ತಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹೋಗಿ ನೋಡುವ ಪುರುಸೊತ್ತು ಯಾರಿಗಿದೆ? ಹಾಲಿನ ಕೋಣೆ ಅವಳ ಕೋಣೆಯಿಂದ ಒಂದೇ ಮಹಡಿ ಕೆಳಗಿತ್ತು. ಕರೆಂಟು ಹೋಗುವ ಹೊತ್ತಿಗೆ ಕರೆಂಟಣ್ಣ ಶನಿವಾರದ ರಜೆಯ ಖುಷಿಯಲ್ಲಿ ಮನೆ ಸೇರಿದ್ದ. ಹಾಲಿನ ಕೋಣೆ ನೋಡಿಕೊಳ್ಳುವ ಸಿಸ್ಟರು ವಾರಾಂತ್ಯಕ್ಕೆ ಬೇಕಾದ ಹಾಲನ್ನು ಮಧ್ಯಾಹ್ನವೇ ವಾರ್ಡಿನ ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗಿದ್ದರು. ಫ್ರೀಜರಿನ ಎಚ್ಚರಿಕೆಯ ಗಂಟೆಯೂ ಅದೇ ಸತ್ತ ಲೈನಿನಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಮೇಡಂ ಆಸ್ಪತ್ರೆಯಲ್ಲಿ ತಂಗಿಯ ಮಂಚದ ಪಕ್ಕ ಕೂತು ಅವಳ ತಲೆ ಬಾಚುತ್ತಿದ್ದಾಗ ಫೋನು ಬಂತು.

“ಮೇಡಂ, ಕರೆಂಟ್ ತೆಗ್ಸಿದ್ದು ಯಾರು?” ಎಂದ ಕರೆಂಟಣ್ಣ. ಯಾವಾಗಲೂ ಇರುವ ನಗೆ ದನಿಯಲ್ಲಿ ಇರಲಿಲ್ಲ. “ಫ್ರೀಜರ್ ಲೈನ್ ಹಾಕೋಣ ಅಂತ ಬಂದೆ. ಬಾಗಿಲ ಕೆಳಗಿಂದ ನೀರು ಬರ್ತಿದೆ.”

“ಹಾಕೋಣ ಅಂತ ಅಂದ್ರೆ? ನೀವು ಆಯ್ತು ಅಂದ್ರಲ್ರೀ!”

“ಆಯ್ತು ಅಂದೆ ಮೇಡಂ. ಅದಕ್ಕೇ ತಾನೆ ಬಂದಿರೋದು?”

ಬಾಚಣಿಗೆ ತಂಗಿಯ ಕೂದಲಲ್ಲೇ ನಿಂತುಹೋಯಿತು. “ಏನಾಯ್ತಕ್ಕ?” ಎಂದಳು ತಂಗಿ. ಏನೂ ಇಲ್ಲ ಎಂದು ಎದ್ದ ಮೇಡಂ ಮೆಟ್ಟಿಲು ಇಳಿದು ಓಡಿದಳು.

ಹಾಲಿನ ಕೋಣೆಯಲ್ಲಿ ಹುಳಿ ವಾಸನೆ. ಹಳೆಯ ಫ್ರೀಜರ್‌ಗಳು, ಸಡಿಲವಾದ ಬಾಗಿಲು, ಎರಡು ದಿನದ ಸೆಖೆ, ಉಳಿಯುವುದೇನು? ಚೀಲಗಳು ಮೆತ್ತಗೆ ಜೋತುಬಿದ್ದಿದ್ದವು. ಮನೆಯಿಂದ ಓಡಿ ಬಂದ ಸಿಸ್ಟರು ಒಂದೊಂದನ್ನೇ ಮುಟ್ಟಿ ನೋಡಿದರು, ಕೊನೆಗೆ ಕತ್ತರಿ ತೆಗೆದುಕೊಂಡರು. ಮೂಲೆ ಕತ್ತರಿಸುವುದು, ಸಿಂಕಿಗೆ ಸುರಿಯುವುದು, ಮತ್ತೆ ಕತ್ತರಿಸುವುದು. ಬೆಳ್ಳಗಿನ ನೀರು ಸುಳಿ ಸುತ್ತಿ ತೂತಿನಲ್ಲಿ ಇಳಿಯುವುದನ್ನು ಮೇಡಂ ನಿಂತು ನೋಡಿದಳು. ನೋಡದೆ ಇರುವುದಕ್ಕೆ ಅವಳಿಗೆ ಈಗ ಹಕ್ಕಿರಲಿಲ್ಲ.

ಸುದ್ದಿ ತಿಳಿದು ದೊಡ್ಡ ಡಾಕ್ಟರು ಬಂದರು. ಆಸ್ಪತ್ರೆಯ ಮುಖ್ಯಸ್ಥರು, ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುವ ಮನುಷ್ಯ.

“ಇವನು ನಿಮಗೆ ಆಯ್ತು ಅಂದಿದ್ನೋ ಇಲ್ವೋ?” ಎಂದು ಕರೆಂಟಣ್ಣನ ಕಡೆ ಬೆರಳು ತೋರಿಸಿದರು.

“ಅಂದಿದ್ರು” ಎಂದಳು ಮೇಡಂ.

“ಹಾಗಾದ್ರೆ ಮಾತೇ ಬೇಡ. ನಾಳೆಯಿಂದ ಇವನು ಬರೋದು ಬೇಡ. ನಾಳೆ ಬೆಳಿಗ್ಗೆ ಮಕ್ಕಳನ್ನ ಸಾಗಿಸೋದು ಮಾತ್ರ ನಿಲ್ಬಾರ್ದು. ಉದ್ಘಾಟನೆಯ ಅತಿಥಿಗಳಿಗೆ ಹೇಳಿ ಆಗಿದೆ.”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮೇಡಂಗೆ ದೊಣ್ಣೆ ತಪ್ಪಿತ್ತು. ಒಂದು ಕ್ಷಣ ಅವಳಿಗೆ ಹಗುರವೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಕರೆಂಟಣ್ಣ ಬಾಯಿ ಮುಚ್ಚಿಕೊಂಡಿರಲಿಲ್ಲ. ಗುಂಡಿ ತಪ್ಪಾಗಿ ಹಾಕಿದ ಮನೆಯ ಅಂಗಿಯಲ್ಲೇ ಮುಂದೆ ಬಂದ.

“ಮೇಡಂ, ನೀವು ದಿನಕ್ಕೆ ನೂರು ಸಲ ಆಯ್ತಾ ಅಂತೀರ. ಮಾಡಿ ಅನ್ನೋಕೂ ಆಯ್ತಾ, ಮಾಡಿದ್ರಾ ಅನ್ನೋಕೂ ಆಯ್ತಾ. ನಾವು ಆಯ್ತು ಅಂದ್ರೆ ನಿಮಗೆ ಸಮಾಧಾನ. ಇನ್ನೂ ಆಗಿಲ್ಲ ಅಂದ್ರೆ ಮುಖ ಸಿಂಡರಿಸ್ತೀರ. ಅದಕ್ಕೇ ಎಲ್ಲರೂ ಆಯ್ತು ಅಂತಾರೆ. ಕರೆಂಟು ಶುಕ್ರವಾರವೇ ಹೋಗುತ್ತೆ ಅಂತ ನನಗೆ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಮುಗಿದ ಕೆಲಸದವನಿಗೆ ಹೇಳುವುದೇನು ಎಂದು ಮೇಡಂ ಬಿಟ್ಟಿದ್ದಳು. ಮೆಟ್ಟಿಲ ಮೇಲೆ ತಾನು ಕೇಳಿದ್ದು ಯಾವ ಆಯ್ತಾ? ಆಗಿದೆಯಾ ಎಂದೋ, ಮಾಡುತ್ತೀರಲ್ಲ ಎಂದೋ? ದನಿ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಿದ್ದು ಏಣಿ ಮಾತ್ರ. ಕೇಳಿದವಳಿಗೇ ಗೊತ್ತಿಲ್ಲದ್ದನ್ನು ಹೇಳಿದವನು ಹೇಗೆ ತಿಳಿದಾನು? ಆಗಲೇ ಇನ್ನೊಂದು ಯೋಚನೆ ಬಂತು. ಹಲಗೆಯ ಮೇಲೆ ಸರಿದ ಚೀಟಿಗಳೆಲ್ಲ ಇಂಥವೇ. ಹೊಸ ವಾರ್ಡಿನ ಆಮ್ಲಜನಕದ ಕೊಳವೆ, ಆಯ್ತು. ಪೆಟ್ಟಿಗೆಗಳಿಗೆ ಶಾಖ, ಆಯ್ತು. ಅವುಗಳಲ್ಲಿ ಯಾವ ಆಯ್ತು ಮುಗಿದದ್ದು, ಯಾವ ಆಯ್ತು ಬರೀ ಮಾತು?

“ಸರ್, ಇವರನ್ನ ಕಳಿಸೋ ಹಾಗಿಲ್ಲ” ಎಂದಳು. “ನಾನು ಕೇಳಿದ್ದೇ ಸರಿಯಿಲ್ಲ. ಕರೆಂಟ್ ತೆಗೆಯೋ ದಿನವನ್ನ ಮುಂಚೆಗೆ ತಂದಿದ್ದೂ ನಾನೇ. ನಾಳೆ ಮಕ್ಕಳನ್ನ ಸಾಗಿಸೋದೂ ಬೇಡ. ಒಂದೊಂದನ್ನೂ ಕಣ್ಣಾರೆ ನೋಡೋವರೆಗೆ ನಾನು ಸಹಿ ಹಾಕಲ್ಲ.”

“ನಿಮ್ಮ ಹೆಸರು ಏನಾಗುತ್ತೆ ಯೋಚಿಸಿದೀರಾ?” ಎಂದರು ಡಾಕ್ಟರು ಇನ್ನೂ ಮೆಲ್ಲಗೆ.

“ಹೆಸರನ್ನ ಮಕ್ಕಳಿಗೆ ಕುಡಿಸೋಕಾಗುತ್ತಾ ಸರ್?”

ಅವರು ತಿರುಗಿ ಹೊರಟುಹೋದರು. ಅದು ಒಪ್ಪಿಗೆಯೋ ಶಿಕ್ಷೆಯೋ ನಾಳೆ ಗೊತ್ತಾಗಬೇಕಿತ್ತು. ಈಗ ಅದಕ್ಕಿಂತ ದೊಡ್ಡದು ಎದುರಿಗಿತ್ತು. ವಾರ್ಡಿನ ಫ್ರಿಜ್ಜಿನಲ್ಲಿ ಉಳಿದಿದ್ದು ಒಂದು ಮಗುವಿಗೆ ಸಂಜೆಯವರೆಗೆ ಸಾಕಾಗುವಷ್ಟು ಹಾಲು, ಅಷ್ಟೇ. ಬೇರೆ ಊರಿನ ಆಸ್ಪತ್ರೆಯೊಂದು ಕಳಿಸಿಕೊಡಲು ಒಪ್ಪಿತ್ತು, ಅದು ಬರುವುದು ಮರುದಿನ ಸಂಜೆಗೆ. ಉಳಿದ ಮಕ್ಕಳು ಒಂದು ದಿನ ಪುಡಿ ಹಾಲಿನಲ್ಲಿ ತಡೆಯಬಹುದು ಎಂದರು ಸಿಸ್ಟರು. ತಡೆಯದಿರುವುದು ಒಂದೇ ಮಗು.

“ಕೊಡೋರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರು ಊರಲ್ಲಿಲ್ಲ” ಎಂದರು ಸಿಸ್ಟರು. “ಹತ್ತಿರ ಇರೋಳು ಒಬ್ಬಳೇ. ದರ್ಜಿ ಕೆಲ್ಸ ಮಾಡ್ತಾಳೆ. ಈಗ ಚೆಲ್ಲಿದ್ನಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದೇ. ಅವಳ ಮಗು ನಮ್ಮ ವಾರ್ಡಲ್ಲೇ ಹೋಯ್ತು. ಆಮೇಲೂ ಬಂದು ಕೊಡ್ತಿದ್ಲು, ಪುಣ್ಯಾತ್ಗಿತ್ತಿ. ಫೋನ್ ಎತ್ತುತಿಲ್ಲ. ನೀವೇ ಹೋಗಿ. ಏನಾಯ್ತು ಅಂತ ಕೇಳಿದ್ರೆ ಕರೆಂಟ್ ಹೋಗಿತ್ತು ಅನ್ನಿ, ಸಾಕು. ಸುಳ್ಳೇನಲ್ವಲ್ಲ.”

ಹಾಲು ತೆಗೆಯುವ ಕೈಪಂಪು, ಐಸಿನ ಡಬ್ಬ ಹಿಡಿದು ಮೇಡಂ ಹೊರಟಳು. ದಾರಿಯುದ್ದಕ್ಕೂ ‘ಕರೆಂಟ್ ಹೋಗಿತ್ತು’ ಎಂಬ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದಳು. ನುಂಗುವುದಕ್ಕೆ ಸಲೀಸಾಗಿತ್ತು.

ದರ್ಜಿಯ ಅಂಗಡಿಯ ಶಟರ್ ಅರ್ಧ ಇಳಿದಿತ್ತು, ಒಳಗೆ ಹೊಲಿಗೆ ಯಂತ್ರದ ಸದ್ದು. ಬಗ್ಗಿ ಒಳಗೆ ಹೋದರೆ ನೀಲಿ ಅಂಗಿಗಳ ರಾಶಿ, ಯಾವುದೋ ಕಾರ್ಖಾನೆಯ ಸಮವಸ್ತ್ರ. ತೋಳಿಲ್ಲದವು ಒಂದು ಕಡೆ, ಕಾಲರಿಲ್ಲದವು ಇನ್ನೊಂದು ಕಡೆ. ಯಂತ್ರದ ಹಿಂದಿದ್ದವಳು ತನಗಿಂತ ಚಿಕ್ಕವಳು, ತಂಗಿಯ ವಯಸ್ಸಿನವಳು. ಆಸ್ಪತ್ರೆಯಿಂದ ಬಂದೆ ಎಂದದ್ದಕ್ಕೆ ಸ್ಟೂಲಿನ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ಮೇಡಂ ಕೂರಲಿಲ್ಲ.

“ಹಾಲು ಬೇಕಿತ್ತು” ಎಂದಳು.

“ಫ್ರೀಜರ್ ತುಂಬಾ ಇದೆಯಲ್ಲ?” ದರ್ಜಿಗೆ ಆಶ್ಚರ್ಯ. “ಸದ್ಯಕ್ಕೆ ಸಾಕು ಅಂದಿದ್ರು ಸಿಸ್ಟರು. ಅದಕ್ಕೇ ನಿಲ್ಲಿಸ್ದೆ. ಬತ್ತಲಿ ಅಂತ ಎದೆಗೆ ಬಟ್ಟೆ ಬಿಗಿದು ನಾಲ್ಕು ದಿನ ಆಯ್ತು.”

ಸಲೀಸಾದ ಮಾತು ಮೇಡಂನ ನಾಲಿಗೆಯ ತುದಿಗೆ ಬಂದು ಕೂತಿತು. ಆದರೆ ಎದುರಿಗಿದ್ದ ಮುಖ ನೋಡಿ ಅದನ್ನು ಆಡಲಾಗಲಿಲ್ಲ.

“ಅದೆಲ್ಲ ಕೆಟ್ಟುಹೋಯ್ತಮ್ಮ. ನನ್ನಿಂದ. ಫ್ರೀಜರಿಗೆ ಬೇರೆ ಲೈನ್ ಹಾಕ್ಬೇಕಿತ್ತು. ಆಗಿದೆ ಅಂದ್ಕೊಂಡು ಕರೆಂಟ್ ತೆಗೆಸ್ಬಿಟ್ಟೆ. ಹೋಗಿ ನೋಡ್ಲಿಲ್ಲ.”

ಯಂತ್ರ ನಿಂತಿತು. “ಎಲ್ಲಾನೂ?”

“ಎಲ್ಲಾ.”

“ಏನ್ ಮಾಡಿದ್ರಿ ಅದನ್ನ?”

“ಸಿಂಕಿಗೆ ಚೆಲ್ಲಿದ್ವಿ.”

“ಕರೆಂಟ್ ತೆಗೆಸೋವಾಗ ನೀವೆಲ್ಲಿದ್ರಿ? ಊರಲ್ಲಿರ್ಲಿಲ್ವಾ?”

“ಮೇಲಿನ ಮಹಡೀಲಿ.”

ದರ್ಜಿ ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಆಮೇಲೆ ಮುದ್ದೆ ಮಾಡಿ ರಾಶಿಗೆ ಎಸೆದಳು.

“ಒಂದು ಮಹಡಿ ಇಳಿದು ಬರೋಕಾಗ್ಲಿಲ್ವಾ ನಿಮಗೆ? ಪ್ರತಿ ಸಲ ಆ ಪಂಪು ಎದೆಗೆ ಇಟ್ಕೊಂಡಾಗ ನನ್ನ ಮಗು ಬಾಯಿ ನೆನಪಾಗ್ತಿತ್ತು. ಆದ್ರೂ ಬರ್ತಿದ್ದೆ. ನನ್ನತ್ತೆ ಹುಚ್ಚು ಹಿಡಿದಿದೆ ಅಂದ್ರು, ಆದ್ರೂ ಬರ್ತಿದ್ದೆ. ಯಾರದೋ ಹೊಟ್ಟೆ ತುಂಬುತ್ತಲ್ಲ ಅಂತ. ನೀವು ಚರಂಡಿಗೆ ಕುಡಿಸಿದ್ರಿ.” “ಹೋಗಿ. ನನ್ನ ಎದುರಿಗೆ ನಿಲ್ಬೇಡಿ.”

ಮೇಡಂಗೆ ಅಳು ಬಂತು, ಅದನ್ನು ತೋರಿಸುವುದೂ ತಪ್ಪು ಅನ್ನಿಸಿ ತಿರುಗಿದಳು. ಶಟರಿನ ಕೆಳಗೆ ಬಗ್ಗುವಾಗ ಹಿಂದಿನಿಂದ ದನಿ ಬಂತು.

“ಯಾವ ಮಗೂಗೆ?”

“ನನ್ನ ತಂಗಿ ಮಗಳಿಗೆ” ಎಂದಳು ಮೇಡಂ ಬಗ್ಗಿದಲ್ಲೇ. “ಪುಡಿ ಹಾಲು ತಡೆಯೋದಿಲ್ಲ ಅದಕ್ಕೆ. ಒಂದ್ಸಲ ಕೊಟ್ಟು ಹೋಗೇಬಿಡೋದ್ರಲ್ಲಿತ್ತು. ಇಷ್ಟು ದಿನ ನಿಮ್ಮದನ್ನೇ ಕುಡಿದಿರ್ಬೇಕು.”

“ತೂಕ ಎಷ್ಟಾಗಿದೆ?”

“ಮೊನ್ನೆ ಒಂದು ಕಿಲೋ ಮುಟ್ತು.”

“ನನ್ನದು ಮುಟ್ಲಿಲ್ಲ” ಎಂದಳು ದರ್ಜಿ.

ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು. ದರ್ಜಿ ಎದ್ದು ಬಂದು ಪಂಪನ್ನು ಅವಳ ಕೈಯಿಂದ ಕಿತ್ತುಕೊಂಡು ಪರದೆಯ ಹಿಂದೆ ಹೋದಳು. ಬಿಗಿದ ಬಟ್ಟೆ ಸುತ್ತು ಸುತ್ತಾಗಿ ಬಿಚ್ಚುವ ಸದ್ದು ಕೇಳಿಸಿತು, ಆಮೇಲೆ ಪಂಪಿನ ಕಿರುಗುಟ್ಟುವಿಕೆ, ನಡುವೆ ನೋವಿಗೆ ಹಲ್ಲು ಕಚ್ಚಿದ ಉಸಿರು. ತುಂಬ ಹೊತ್ತಾಯಿತು. ಮೇಡಂ ನೀಲಿ ಅಂಗಿಗಳ ನಡುವೆ ನಿಂತೇ ಇದ್ದಳು.

ದರ್ಜಿ ಪರದೆಯಿಂದ ಹೊರಗೆ ಬಂದಾಗ ಬಾಟಲಿಯ ತಳ ಮುಚ್ಚುವಷ್ಟಿತ್ತು. “ಇಷ್ಟೇ ಬಂದಿದ್ದು. ಬತ್ತೋಕೆ ಬಿಟ್ಟಿದ್ದೆನಲ್ಲ. ಒಂದು ಸಲಕ್ಕೆ ಆಗುತ್ತಾ?”

“ಆಗುತ್ತೆ” ಎಂದಳು ಮೇಡಂ. ಮಗು ಒಂದು ಸಲಕ್ಕೆ ಕುಡಿಯುವುದೇ ಅಷ್ಟು. “ದೇವರು ನಿಮ್ಮನ್ನ...”

“ದೇವರ ಮಾತು ಬೇಡ. ನಿಮ್ಮನ್ನ ಕ್ಷಮಿಸಿದೆ ಅಂತಲೂ ಅಂದ್ಕೋಬೇಡಿ.” ದರ್ಜಿ ಬಾಟಲಿಯನ್ನು ತಾನೇ ಐಸಿನ ಡಬ್ಬದಲ್ಲಿಟ್ಟು ಮುಚ್ಚಳ ಒತ್ತಿದಳು. “ಮತ್ತೆ ಯಾವಾಗ ಬೇಕು?”

“ಮೂರು ಗಂಟೆಗೊಮ್ಮೆ ಕೊಡ್ಬೇಕು.”

“ಬರುತ್ತೋ ಇಲ್ವೋ ಗೊತ್ತಿಲ್ಲ, ನೋಡ್ತೀನಿ. ನೀವೇ ಬರ್ಬೇಕು. ಯಾರಿಗೋ ಹೇಳಿ ಕಳಿಸ್ಬಾರ್ದು.”

“ನಾನೇ ಬರ್ತೀನಿ.”

ದರ್ಜಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಬಟ್ಟೆಯಲ್ಲಿ ಹುಳುಕು ಹುಡುಕುವವಳಂತೆ. ಆಮೇಲೆ ಕೈ ಚಾಚಿ ಮೇಡಂನ ಹೆಗಲಿನಿಂದ ಕೈಚೀಲವನ್ನು ಇಳಿಸಿಕೊಂಡಳು. ಫೋನು, ಮನೆಯ ಕೀಲಿ, ಆಸ್ಪತ್ರೆಯ ಕೀಲಿ ಎಲ್ಲ ಅದರಲ್ಲೇ ಇದ್ದವು.

“ಇದು ಇಲ್ಲೇ ಇರ್ಲಿ” ಎಂದಳು. “ಇದನ್ನ ತಗೊಂಡು ಹೋಗೋಕಾದ್ರೂ ಬರ್ತೀರ.”

ಮೇಡಂ ಡಬ್ಬವನ್ನು ಎದೆಗೆ ಅವಚಿಕೊಂಡು, ಶಟರಿನ ಕೆಳಗೆ ಬಗ್ಗಿ, ಆಸ್ಪತ್ರೆಯ ದಾರಿ ಹಿಡಿದು ಓಡುನಡಿಗೆಯಲ್ಲಿ ಹೊರಟಳು.